ವರ್ಗಾವಣೆಯ ಮಕ್ಕಳ ಶಾಲೆ

ನಮ್ಮೂರ ಕಡೆ ಸಿಬಿಎಸ್‌ಇ ಅಂದರೆ ದುಡ್ಡಿದ್ದವರ ಶಾಲೆ. ಕುಂದಾಪುರ ತಾಲೂಕಿನ ನಮ್ಮ ಹಳ್ಳಿಯಿಂದ ಅಂಥದೊಂದು ಶಾಲೆಗೆ ದಿನಾ ಬೆಳಿಗ್ಗೆ ಒಂದು ವ್ಯಾನು ಹೋಗುತ್ತಿತ್ತು. ಅದರೊಳಗೆ ಟೈ ಕಟ್ಟಿಕೊಂಡು ಕೂತ ಮೂರ್ನಾಲ್ಕು ಮಕ್ಕಳನ್ನು ಸರಕಾರಿ ಶಾಲೆಯ ನಾವೆಲ್ಲ ಗದ್ದೆ ಅಂಚಿನಲ್ಲಿ ನಿಂತು ನೋಡುತ್ತಿದ್ದೆವು. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ, ಹೇಗೋ ಬಿಇ ಮುಗಿಸಿ, ಬೆಂಗಳೂರು ದಾಟಿ ದುಬೈಗೆ ಬಂದ ಮೇಲೆ ಲೆಕ್ಕ ಉಲ್ಟಾ ಆಯಿತು. ಇಲ್ಲಿ ಅದೇ ಸಿಬಿಎಸ್‌ಇ ಕಡಿಮೆ ಸಂಬಳದವರ ಶಾಲೆ. ದುಡ್ಡಿದ್ದವರು ಬ್ರಿಟಿಷ್ ಶಾಲೆಗೋ ಐಬಿ ಶಾಲೆಗೋ ಹಾಕುತ್ತಾರೆ. ಆ ಒಂದು ವರ್ಷದ ಫೀಸಿನಲ್ಲಿ ಭಾರತೀಯ ಶಾಲೆಯಲ್ಲಿ ಮೂರ್ನಾಲ್ಕು ವರ್ಷ ಓದಿಸಬಹುದು.

ಮಗಳಿಗೆ ನಾಲ್ಕು ತುಂಬುತ್ತಾ ಬಂದಾಗ ನಾವೂ ಶಾಲೆ ಹುಡುಕಲು ಕೂತೆವು. ದುಬೈನಲ್ಲಿ ಒಂದು ಅನುಕೂಲ ಇದೆ. ಕೆಎಚ್‌ಡಿಎ ಅಂತ 2006ರಲ್ಲಿ ಹುಟ್ಟಿದ ಸರಕಾರಿ ಪ್ರಾಧಿಕಾರ, ಎಲ್ಲ ಖಾಸಗಿ ಶಾಲೆಗಳ ಫೀಸನ್ನೂ ತಪಾಸಣೆಯ ವರದಿಯನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಸಾಫ್ಟ್‌ವೇರಿನವರ ಚಟ ನೋಡಿ, ಎಲ್ಲ ಭಾರತೀಯ ಶಾಲೆಗಳನ್ನು ಎಕ್ಸೆಲ್‌ಗೆ ಹಾಕಿ ಫೀಸಿನ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದೆ. ಪಕ್ಕದ ಕಾಲಂನಲ್ಲಿ ಶಾಲೆ ಶುರುವಾದ ವರ್ಷ ಬರೆದೆ. ಆಮೇಲೆ ಸುಮ್ಮನೆ ನೋಡುತ್ತಾ ಕೂತೆ. ಬಹುಮಟ್ಟಿಗೆ ಹಳೆಯ ಶಾಲೆಗಳೆಲ್ಲ ಪಟ್ಟಿಯ ಮೇಲ್ಭಾಗದಲ್ಲಿ, ಹೊಸವೆಲ್ಲ ಕೆಳಗೆ. ಬೇರೆ ವ್ಯಾಪಾರದಲ್ಲಿ ಹಳೇ ಹೆಸರಿಗೆ ಬೆಲೆ ಜಾಸ್ತಿ; ಇಲ್ಲಿ ಶಾಲೆ ಹಳತಾದಷ್ಟೂ ಅಗ್ಗ. ಯಾಕೆ ಹೀಗೆ ಅಂತ ಕೆದಕುತ್ತಾ ಹೋಗಿದ್ದೇ ಈ ಬರಹ.

ಕೊಲ್ಲಿಯ ಭಾರತೀಯ ಶಾಲೆಗಳು ಪೆಟ್ರೋಲ್ ದುಡ್ಡಿನಿಂದ ಹುಟ್ಟಿದವು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ವರ್ಷಗಳನ್ನು ನೋಡಿ. ಬಹ್ರೇನ್‌ನ ಇಂಡಿಯನ್ ಸ್ಕೂಲ್ 1950ರದ್ದು. ಕುವೈತಿನ ಭಾರತೀಯ ಶಾಲೆ 1959ರದ್ದು. ದುಬೈನ ಇಂಡಿಯನ್ ಹೈಸ್ಕೂಲ್ ಬೆರಳೆಣಿಕೆಯ ಮಕ್ಕಳೊಂದಿಗೆ ಶುರುವಾದದ್ದು 1961ರಲ್ಲಿ. ದುಬೈನಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ. ಅಂದರೆ ಇಲ್ಲಿ ಎಣ್ಣೆ ಸಿಗುವ ಐದು ವರ್ಷ ಮೊದಲೇ ನಮ್ಮವರ ಶಾಲೆ ನಡೆಯುತ್ತಿತ್ತು. ಯುಎಇ ಅನ್ನುವ ದೇಶ ಹುಟ್ಟಲು ಇನ್ನೂ ಹತ್ತು ವರ್ಷ ಬೇಕಿತ್ತು.

ಆ ಕಾಲದ ದುಬೈ ಬೊಂಬಾಯಿಯ ಆಚೆ ದಂಡೆ ಇದ್ದ ಹಾಗೆ. 1909ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆದದ್ದು ಭಾರತದ ಅಂಚೆ ಇಲಾಖೆ. ಅಂಗಡಿಯಲ್ಲಿ ಓಡುತ್ತಿದ್ದದ್ದು ರೂಪಾಯಿ. ಚಿನ್ನದ ಕಳ್ಳಸಾಗಣೆಗೆ ರೂಪಾಯಿ ಹರಿದುಹೋಗುತ್ತದೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು, ನಂಬರಿನ ಮುಂದೆ 'ಝಡ್' ಅಕ್ಷರ ಇರುತ್ತಿತ್ತು. ಹಾಗಾಗಿ 1961ರಲ್ಲಿ ದುಬೈನಲ್ಲಿ ಶಾಲೆ ಶುರುವಾದಾಗ ಊರಿನ ಚಲಾವಣೆಯ ಹಣವೇ ರೂಪಾಯಿ. ಮಗುವಿನ ಫೀಸು ಇವತ್ತು ದಿರ್‌ಹಮ್ಮಿನಲ್ಲಿ ಎಷ್ಟು, ಅದು ರೂಪಾಯಿಗೆ ಎಷ್ಟಾಯಿತು ಅಂತ ನಾವು ಮೊಬೈಲಿನಲ್ಲಿ ಗುಣಿಸುತ್ತೇವಲ್ಲ, ಆ ಗುಣಾಕಾರವೇ ಆಗ ಇರಲಿಲ್ಲ. 1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ದುಬೈ, ಕತಾರ್ ಎಲ್ಲ ರೂಪಾಯಿಯನ್ನು ಕೈಬಿಟ್ಟವು. ಗುಣಾಕಾರ ಶುರುವಾದದ್ದು ಅಲ್ಲಿಂದ.

ಬರುವುದು ಹೋಗುವುದು ಹಡಗಿನಲ್ಲಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ಹಡಗುಗಳು ಬೊಂಬಾಯಿಗೂ ಕೊಲ್ಲಿಯ ಬಂದರುಗಳಿಗೂ ಓಡಾಡುತ್ತಿದ್ದವು. ಅದರಲ್ಲೊಂದು 'ದಾರಾ'. 1961ರ ಏಪ್ರಿಲ್ 8ರಂದು ದುಬೈ ಹತ್ತಿರದ ಸಮುದ್ರದಲ್ಲಿ ಸ್ಫೋಟವಾಗಿ 238 ಜನ ಸತ್ತರು. ಶಾಲೆ ಶುರುವಾದ ವರ್ಷವೇ. ಇಲ್ಲಿ ಹೆಚ್ಚಿನವರಿಗೆ ಈ ಕತೆ ಗೊತ್ತಿಲ್ಲ. ಆದರೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಅಂದರೆ ಆಗ ಇಂಥ ಹಡಗಿನಲ್ಲಿ ಕೂರಿಸುವುದಾಗಿತ್ತು. ಅಷ್ಟು ಮಾಡಿ ಕರೆಸಿಕೊಂಡವರಿಗೆ ಮಕ್ಕಳನ್ನು ಓದಿಸಲು ಶಾಲೆ ಬೇಕಿತ್ತು. ಯಾರೂ ಕಟ್ಟಿಕೊಡಲಿಲ್ಲ. ಇಲ್ಲಿದ್ದ ವ್ಯಾಪಾರಿಗಳು, ಬ್ಯಾಂಕಿನವರು, ಗುಮಾಸ್ತರು ತಾವೇ ಸೇರಿ ಮಾಡಿಕೊಂಡರು.

ಹಳೆಯ ಶಾಲೆ ಅಗ್ಗವಾಗಿರುವ ಗುಟ್ಟು ಇಲ್ಲೇ ಇರುವುದು. ತಾಯ್ತಂದೆಯರು ಕೂಡಿ ತಮ್ಮ ಮಕ್ಕಳಿಗೆ ಮಾಡಿಕೊಂಡ ಶಾಲೆಗೆ ಲಾಭ ಹಂಚಿಕೊಳ್ಳುವ ಮಾಲೀಕ ಇಲ್ಲ. ಲಾಭರಹಿತ ಸಂಸ್ಥೆ ಅಂತಲೇ ನೋಂದಣಿ. ಮೇಲೆ ರಾಯಭಾರ ಕಚೇರಿಯ ಒಂದು ಕಣ್ಣು. ಇಂಥ ಎಷ್ಟೋ ಶಾಲೆಗಳು ನಿಂತಿರುವ ಜಾಗವನ್ನು ಅಲ್ಲಲ್ಲಿನ ಆಳುವವರೇ ಕೊಟ್ಟರು. ಇವತ್ತು ದುಬೈನಲ್ಲಿ ಹೊಸ ಶಾಲೆ ಕಟ್ಟುವವನು ನೆಲಕ್ಕೆ, ಕಟ್ಟಡಕ್ಕೆ ಸುರಿಯುವ ಕೋಟಿಗಳೆಲ್ಲ ಕೊನೆಗೆ ಕೆಜಿ ಮಗುವಿನ ಫೀಸಿನಲ್ಲೇ ಬರಬೇಕು. ಹಳೆಯ ಶಾಲೆಗೆ ಆ ಸಾಲದ ಹೊರೆ ಇಲ್ಲ. ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು ಪಾಳಿ ನಡೆಸಿದ ಶಾಲೆಗಳೂ ಕೊಲ್ಲಿಯಲ್ಲಿ ಬೇಕಾದಷ್ಟಿವೆ.

ಇನ್ನೊಂದು ಕಾರಣವನ್ನು ಯಾರೂ ಬ್ರೋಶರಿನಲ್ಲಿ ಬರೆಯುವುದಿಲ್ಲ. ಅಗ್ಗದ ಫೀಸಿನ ಒಂದು ಪಾಲು ಟೀಚರ ಸಂಬಳದಿಂದ ಬರುತ್ತದೆ. ಗಂಡನ ವೀಸಾದಲ್ಲಿ ಬಂದ, ಎಂಎಸ್ಸಿ ಬಿಎಡ್ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಊರು ಪೂರ್ತಿ ಇದ್ದರು, ಈಗಲೂ ಇದ್ದಾರೆ. ಬ್ರಿಟಿಷ್ ಶಾಲೆ ಲಂಡನ್ನಿನಿಂದ ಕರೆಸುವ ಟೀಚರಿಗೆ ಮನೆ, ವಿಮಾನದ ಟಿಕೆಟ್ಟು ಎಲ್ಲ ಕೊಡಬೇಕು. ನಮ್ಮ ಶಾಲೆಗೆ ಟೀಚರು ಪಕ್ಕದ ಬಿಲ್ಡಿಂಗಿನಲ್ಲೇ ಸಿಗುತ್ತಾರೆ, ಕೊಟ್ಟಷ್ಟಕ್ಕೆ ಬರುತ್ತಾರೆ. ನನ್ನ ಹೆಂಡತಿಯ ಸ್ನೇಹಿತೆಯೊಬ್ಬರು ಹೀಗೆ ಎಂಟು ವರ್ಷ ಕಲಿಸಿದವರು. 'ನಿಮ್ ಮಗಳ ಫೀಸಲ್ಲಿ ಡಿಸ್ಕೌಂಟ್ ಕೊಡ್ತಿರೋದು ನಾವು, ಮ್ಯಾನೇಜ್‌ಮೆಂಟಲ್ಲ' ಅಂತ ನಗುತ್ತಾರೆ.

ಫೀಸಿನ ಪಟ್ಟಿಯ ನಡುವಿನ ಸಾಲುಗಳು ಹುಟ್ಟಿದ್ದು ಬೇರೆ ದಾರಿಯಲ್ಲಿ. 1959ರಲ್ಲಿ ಕೇರಳದಿಂದ ದುಬೈಗೆ ಬಂದ ವರ್ಕಿ ದಂಪತಿ ಇಲ್ಲಿನ ಅರಬರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. 1968ರಲ್ಲಿ ಮರಿಯಮ್ಮ ವರ್ಕಿ 'ಅವರ್ ಓನ್ ಇಂಗ್ಲಿಷ್ ಹೈಸ್ಕೂಲ್' ಶುರು ಮಾಡಿದರು. 1980ರಲ್ಲಿ ಅವರ ಮಗ ಸನ್ನಿ ವರ್ಕಿ ವಹಿಸಿಕೊಂಡರು. ಇವತ್ತಿನ ಜೆಮ್ಸ್ ಅನ್ನುವ ದೊಡ್ಡ ಶಾಲಾ ಕಂಪೆನಿಯ ಬೇರು ಅದು. ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿ ಜನ ಬಂದದ್ದೇ ಬಂದದ್ದು, ಸಮುದಾಯದ ಶಾಲೆಗಳಲ್ಲಿ ಜಾಗ ಸಾಲದೇ ಹೋಯಿತು. ಮಸ್ಕತ್ತಿನ ಇಂಡಿಯನ್ ಸ್ಕೂಲ್ ಬಂದದ್ದು 1975ರಲ್ಲಿ, ಅಬುಧಾಬಿಯ ಇಂಡಿಯನ್ ಸ್ಕೂಲೂ ಅದೇ ವರ್ಷ. (ಅಬುಧಾಬಿ ಶಾಲೆಯ ಆಡಳಿತ ಮಂಡಳಿಗೆ ಉಡುಪಿಯ ಬಿ. ಆರ್. ಶೆಟ್ಟರು ಅಧ್ಯಕ್ಷರಾಗಿದ್ದರು.) ಸಮುದಾಯ ಕಟ್ಟಿದ ಶಾಲೆಗಳಿಗಿಂತ ವೇಗವಾಗಿ ಖಾಸಗಿಯವರು ಕಟ್ಟಿದರು. ಅದರಲ್ಲಿ ತಪ್ಪು ಹುಡುಕುವುದೇನೂ ಬೇಡ, ಅವರು ಕಟ್ಟದೇ ಇದ್ದರೆ ಸಾವಿರಾರು ಮಕ್ಕಳು ಊರಿಗೇ ವಾಪಸಾಗಬೇಕಿತ್ತು. ಪಟ್ಟಿಯ ಕೆಳಗಿನ ಹೊಸ ಶಾಲೆಗಳಲ್ಲಿ ನಮ್ಮ ಸುತ್ತೂರು ಮಠದ ಜೆಎಸ್‌ಎಸ್‌ನವರದ್ದೂ ಇದೆ. ಮೈಸೂರಿನ ಸಂಸ್ಥೆ ಅಂತ ಖುಷಿ. ಫೀಸು ಮಾತ್ರ ಹಳೇ ಸಮುದಾಯ ಶಾಲೆಗಳ ಸಾಲಿನದ್ದಲ್ಲ.

ಇಷ್ಟೂ ಶಾಲೆಗಳು ಸಿಬಿಎಸ್‌ಇಯನ್ನೇ ಯಾಕೆ ಹಿಡಿದವು? ಇದರ ಕತೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ಸಿಬಿಎಸ್‌ಇಯ ಬೇರು 1921ರ ಉತ್ತರ ಪ್ರದೇಶದ ಬೋರ್ಡಿನಲ್ಲಿದೆ. 1929ರಲ್ಲಿ ಅಜ್ಮೀರಿನಲ್ಲಿ ರಾಜಪುತಾನಕ್ಕೆಂದು ಒಂದು ಬೋರ್ಡು ಆಯಿತು, 1952ರಲ್ಲಿ ಅದಕ್ಕೇ ಈಗಿನ ಹೆಸರು ಬಂತು. 1962ರಲ್ಲಿ ಅದನ್ನು ಹೊಸದಾಗಿ ರಚಿಸಿ, ಕೇಂದ್ರ ಸರಕಾರದ ನೌಕರರ ಮಕ್ಕಳ ಅನುಕೂಲವನ್ನು ಅದರ ಮುಖ್ಯ ಕೆಲಸವಾಗಿ ಇಟ್ಟರು. ಅಪ್ಪನಿಗೆ ಪಠಾಣ್‌ಕೋಟಿನಿಂದ ಕೊಚ್ಚಿಗೆ ಟ್ರಾನ್ಸ್‌ಫರ್ ಆದರೆ ಮಗುವಿನ ಪುಸ್ತಕ ಬದಲಾಗಬಾರದು, ಅಷ್ಟೇ. ಇದೇ ಕಾರಣಕ್ಕೆ 1963ರಲ್ಲಿ ಸೇನೆಯ 20 ರೆಜಿಮೆಂಟ್ ಶಾಲೆಗಳನ್ನು ತೆಗೆದುಕೊಂಡು ಕೇಂದ್ರೀಯ ವಿದ್ಯಾಲಯಗಳನ್ನು ಶುರು ಮಾಡಿದರು. ಅಗ್ಗದ ಪಠ್ಯಪುಸ್ತಕ ಕೊಡುವ ಎನ್‌ಸಿಇಆರ್‌ಟಿ ಹುಟ್ಟಿದ್ದು 1961ರಲ್ಲಿ.

ಸೈನಿಕನ, ರೈಲ್ವೆಯವನ, ಇನ್‌ಕಂ ಟ್ಯಾಕ್ಸಿನವನ ಮಕ್ಕಳಿಗೆ ಅಂತ ಹೊಲಿದ ಅಂಗಿ ಕೊಲ್ಲಿಯ ಮಕ್ಕಳಿಗೆ ಸರಿಯಾಗಿ ಕೂತಿತು. ಯಾಕೆಂದರೆ ನಮ್ಮಷ್ಟು ವರ್ಗಾವಣೆಯ ಜನ ಇನ್ನಾರೂ ಇಲ್ಲ. ಇಲ್ಲಿ ಪೌರತ್ವ ಸಿಗುವುದಿಲ್ಲ, ವೀಸಾ ಎರಡೋ ಮೂರೋ ವರ್ಷದ್ದು, ಕೆಲಸ ಹೋದರೆ ಗಂಟು ಕಟ್ಟಬೇಕು. ನಲವತ್ತು ವರ್ಷ ಇದ್ದವರೂ ಹೊರಡುವವರೇ. ಹೊರಡುವ ದಿನ ಮಗುವಿನ ಕೈಯಲ್ಲಿ ಇರಬೇಕಾದದ್ದು ಊರಿನಲ್ಲಿ ನಡೆಯುವ ಪುಸ್ತಕ, ಊರಿನಲ್ಲಿ ಒಪ್ಪುವ ಟಿಸಿ. ಇವತ್ತು ಯುಎಇ ಒಂದರಲ್ಲೇ ನೂರರ ಆಸುಪಾಸು ಸಿಬಿಎಸ್‌ಇ ಶಾಲೆಗಳಿವೆ, 2024ರಲ್ಲಿ ಬೋರ್ಡು ದುಬೈನಲ್ಲಿ ಪ್ರಾದೇಶಿಕ ಕಚೇರಿಯನ್ನೇ ತೆರೆಯಿತು. ನಡುವೆ 2010ರಲ್ಲಿ ಸಿಬಿಎಸ್‌ಇ-ಐ ಅಂತ ಹೊರದೇಶದ ಮಕ್ಕಳಿಗೆ ಪ್ರತ್ಯೇಕ 'ಅಂತಾರಾಷ್ಟ್ರೀಯ' ಪಠ್ಯಕ್ರಮ ತಂದರು. 2017ಕ್ಕೆ ಅದನ್ನು ನಿಲ್ಲಿಸಿದರು. ಓದಲು ತಕ್ಕ ಪುಸ್ತಕವೇ ಇಲ್ಲದ್ದು ಕಾರಣ. ಆದರೆ ನನಗನ್ನಿಸುವುದು, ಊರಿನ ಶಾಲೆಗಿಂತ ಬೇರೆಯಾದದ್ದನ್ನು ಇಲ್ಲಿನ ತಾಯ್ತಂದೆಯರು ಕೇಳಿಯೇ ಇರಲಿಲ್ಲ.

ಈ ವಾಪಸು ಟಿಕೆಟ್ಟು ಎಷ್ಟು ಮುಖ್ಯ ಅನ್ನುವುದು 1990ರಲ್ಲಿ ಗೊತ್ತಾಯಿತು. ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಸುಮಾರು 1,70,000 ಭಾರತೀಯರನ್ನು ಅಮ್ಮಾನಿನಿಂದ ವಿಮಾನದಲ್ಲಿ ಕರೆತಂದರು, ಏರ್ ಇಂಡಿಯಾದ 488 ಹಾರಾಟ, 59 ದಿನ. ಸಿನಿಮಾ ಬಂದ ಮೇಲೆ ಈ ಭಾಗ ಎಲ್ಲರಿಗೂ ಗೊತ್ತು. ಶಾಲೆಯ ಭಾಗ ಯಾರೂ ಹೇಳುವುದಿಲ್ಲ. ಆಗಸ್ಟ್ ಅಂದರೆ ಇಲ್ಲಿ ಬೇಸಗೆ ರಜೆ. ತುಂಬಾ ಮಕ್ಕಳು ಅಮ್ಮನ ಜೊತೆ ಊರಿನಲ್ಲಿದ್ದರು. ನಮ್ಮ ಹಳ್ಳಿಯಲ್ಲೂ ಹಾಗೆ ರಜೆಗೆ ಬಂದು ಅಲ್ಲೇ ಉಳಿದ ಇಬ್ಬರು ಮಕ್ಕಳಿದ್ದರಂತೆ. ಅವರ ಅಪ್ಪ ಬಾಗ್ದಾದ್, ಅಮ್ಮಾನ್ ಸುತ್ತಿ ಒಂದು ಕೈಚೀಲದೊಂದಿಗೆ ಮನೆ ಸೇರಿದ್ದು ಎರಡು ತಿಂಗಳ ಮೇಲೆ. ಮಕ್ಕಳ ಪುಸ್ತಕ, ಮಾರ್ಕ್ಸ್ ಕಾರ್ಡು ಎಲ್ಲ ಕುವೈತಿನ ಫ್ಲ್ಯಾಟಿನಲ್ಲಿ. ಟಿಸಿ ಕೇಳೋಣ ಅಂದರೆ ಶಾಲೆಯೇ ಮುಚ್ಚಿದೆ.

ಮುಂದಿನದ್ದನ್ನು ಅಪ್ಪಯ್ಯ ಹೇಳುತ್ತಿದ್ದರು. ಸಿಬಿಎಸ್‌ಇ ಶಾಲೆಗೆ ಕಳಿಸಲು ಆ ಮನೆಯಲ್ಲಿ ದುಡ್ಡಿರಲಿಲ್ಲ, ಹೆಡ್‌ಮಾಸ್ಟರು ಕಾಗದ ಗೀಗದ ಕೇಳದೆ ನಮ್ಮೂರ ಸರಕಾರಿ ಶಾಲೆಗೇ ಸೇರಿಸಿಕೊಂಡರು. ದೊಡ್ಡವ ಆರನೇ ಕ್ಲಾಸು. ಲೆಕ್ಕದಲ್ಲಿ ಮೇಷ್ಟ್ರಿಗೇ ತಪ್ಪು ತೋರಿಸುತ್ತಿದ್ದ. ಕನ್ನಡದ ಪೀರಿಯಡ್ಡಿಗೆ ಮಾತ್ರ ಎದ್ದು ಒಂದನೇ ಕ್ಲಾಸಿಗೆ ಹೋಗಿ ಕೂರಬೇಕಿತ್ತು, ಚಿಕ್ಕ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು. ಮನೆಯಲ್ಲಿ ಮಾತಾಡುತ್ತಿದ್ದದ್ದು ಕುಂದಗನ್ನಡವೇ, ಆದರೆ ಅಕ್ಷರ ಒಂದೂ ಬಾರದು.

ಈ ಹುಡುಗನನ್ನು ನೆನೆದಾಗೆಲ್ಲ ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದ ಕಾಲಂ ಕಾಣುತ್ತದೆ. ಇಂಡಿಯನ್ ಸ್ಕೂಲು ಮಗುವನ್ನು ವಾಪಸು ಕಳಿಸುವುದು ಇಂಡಿಯಾಕ್ಕೆ, ನಮ್ಮೂರಿಗಲ್ಲ. ದಿಲ್ಲಿಯವನಿಗೆ ಎರಡೂ ಒಂದೇ ಇರಬಹುದು. ಮಲಯಾಳಿಗಳು ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡರು. ಯುಎಇಯ ಕೆಲವು ಶಾಲೆಗಳು ಕೇರಳದ ಪಠ್ಯಕ್ರಮವನ್ನೇ ಕಲಿಸುತ್ತವೆ, ಕೇರಳದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಇಲ್ಲೇ ಕೇಂದ್ರಗಳಿವೆ. ಆ ಶಾಲೆಗಳ ಫೀಸೂ ಪಟ್ಟಿಯ ಮೇಲಿನ ಸಾಲುಗಳಲ್ಲೇ ಇದೆ. ಮಲಪ್ಪುರಂನ ಡ್ರೈವರನ ಮಗ ಮಲಯಾಳಂ ಓದಿಕೊಂಡೇ ಮಲಪ್ಪುರಂಗೆ ಇಳಿಯಬಹುದು. ನಾವು ಸಂಖ್ಯೆಯಲ್ಲಿ ಅಷ್ಟಿಲ್ಲ ಅನ್ನುವುದು ನಿಜ. ಆದರೆ ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಹತ್ತನೇ ಕ್ಲಾಸಿಗೆ ಪರೀಕ್ಷೆಯನ್ನೂ ಬರೆಯಬಹುದು. ಶಾಲೆಯಲ್ಲಿ ಟೀಚರು ಬೇಕು, ಟೀಚರು ಬೇಕಾದರೆ ಕ್ಲಾಸು ತುಂಬುವಷ್ಟು ಮಕ್ಕಳು ಬೇಕು. ನಾನು ವಿಚಾರಿಸಿದ ಶಾಲೆಗಳಲ್ಲೆಲ್ಲ ಹಿಂದಿ ಇತ್ತು, ಮಲಯಾಳಂ ಇತ್ತು, ಫ್ರೆಂಚ್ ಇತ್ತು. ಅರಬ್ಬಿಯಂತೂ ಇಲ್ಲಿನ ಕಾನೂನಿನ ಪ್ರಕಾರ ಕಡ್ಡಾಯ. ಇಂಗ್ಲಿಷು, ಹಿಂದಿ, ಅರಬ್ಬಿ ಮೂರನ್ನೂ ಹೊತ್ತ ಐದು ವರ್ಷದ ಮಗುವಿಗೆ ಕನ್ನಡ ನಾಲ್ಕನೆಯದು. ಅದೇ ಮಗು ನಾಳೆ ಬೆಂಗಳೂರಿಗೋ ಮಂಗಳೂರಿಗೋ ವಾಪಸಾದರೆ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಅಲ್ಲಿನ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಓದಬೇಕು. ಟಿಸಿ ಮೇಲೆ ಎಷ್ಟು ಸೀಲು ಬಿದ್ದರೂ ಆ ಪೀರಿಯಡ್ಡಿಗೆ ಪ್ರಯೋಜನವಿಲ್ಲ.

ಈ ಚರ್ಚೆಯೇ ಒಂದು ಸೌಭಾಗ್ಯ ಅನ್ನುವುದೂ ನಿಜ. ನನ್ನ ಸೋದರಮಾವ ಹದಿನೇಳು ವರ್ಷ ಮಸ್ಕತ್ತಿನ ಹೋಟೆಲಿನಲ್ಲಿದ್ದರು. ಮಾವನ ಮಗ ಓದಿದ್ದು ನಮ್ಮೂರ ಶಾಲೆಯಲ್ಲಿ, ನನ್ನ ಪಕ್ಕದ ಮಣೆಯಲ್ಲಿ. ಯುಎಇಯಲ್ಲಿ ಇವತ್ತಿಗೂ ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಬೇಕಾದರೆ ತಿಂಗಳಿಗೆ 4,000 ದಿರ್‌ಹಮ್, ಇಲ್ಲವೇ 3,000 ಮತ್ತು ಕಂಪೆನಿ ಕೊಟ್ಟ ಮನೆ ಇರಬೇಕು. ಅದರ ಕೆಳಗಿನವರಿಗೆ ಶಾಲೆ ಅಗ್ಗವೋ ದುಬಾರಿಯೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅದರ ಸ್ವಲ್ಪವೇ ಮೇಲಿದ್ದವರಿಗಾಗಿ ಹಳೆಯ ಶಾಲೆಗಳು ಉಳಿಯಬೇಕು. ಹಾಗಾಗಿಯೇ ಅವುಗಳ ಸೀಟಿಗೆ ಅಷ್ಟು ನೂಕುನುಗ್ಗಲು, ಅರ್ಜಿ ಹಾಕಿ ಲಾಟರಿಗೆ ಕಾಯುವುದು. ಫೀಸು ಏರಿಸಲೂ ಕೆಎಚ್‌ಡಿಎ ಲಗಾಮು ಹಾಕಿದೆ. ವರ್ಷಕ್ಕೊಂದು ಸೂಚ್ಯಂಕ ಇದೆ, 2024-25ಕ್ಕೆ ಅದು ಶೇಕಡಾ 2.6. ಶೇಕಡಾ ಲೆಕ್ಕದಲ್ಲಿ ಕಡಿಮೆ ಫೀಸಿನ ಶಾಲೆಗೆ ಸಿಗುವ ಏರಿಕೆ ನಾಲ್ಕು ಕಾಸು, ಜಾಸ್ತಿ ಫೀಸಿನದ್ದಕ್ಕೆ ನಲವತ್ತು. ಅಗ್ಗದಲ್ಲಿ ಹುಟ್ಟಿದ್ದು ಅಗ್ಗವಾಗಿಯೇ ಇರುತ್ತದೆ. ಟೀಚರ ಸಂಬಳವೂ ಹಾಗೇ.

ನಮ್ಮ ಮನೆಯ ತೀರ್ಮಾನಕ್ಕೆ ಬರುತ್ತೇನೆ. ಲಾಟರಿಯಲ್ಲಿ ನಮ್ಮ ಹೆಸರು ಬರಲಿಲ್ಲ. ಎಂಬತ್ತರ ದಶಕದ ಒಂದು ಖಾಸಗಿ ಭಾರತೀಯ ಶಾಲೆಯಲ್ಲಿ ಸೀಟು ಸಿಕ್ಕಿತು. ಕಟ್ಟಡ ಹಳೆಯದು, ಈಜುಕೊಳ ಇಲ್ಲ, ತಪಾಸಣೆಯಲ್ಲಿ 'ಗುಡ್' ದರ್ಜೆ. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. (ಬಸ್ಸಿನ ದುಡ್ಡನ್ನು ಫೀಸಿಗೆ ಕೂಡಿಸಿಯೇ ಹೋಲಿಸಿ ನೋಡಿ. ಎಷ್ಟೋ ಅಗ್ಗದ ಶಾಲೆ ಅಲ್ಲಿಗೆ ಅಗ್ಗ ಉಳಿಯುವುದಿಲ್ಲ.) ಎರಡು ದಿರ್‌ಹಮ್ ಜಾಸ್ತಿ ಕೊಟ್ಟು ಬ್ರಿಟಿಷ್ ಶಾಲೆಗೆ ಹಾಕಬಹುದಿತ್ತಲ್ಲ ಅಂತ ಆಫೀಸಿನಲ್ಲಿ ಕೇಳಿದವರಿದ್ದಾರೆ. 2009ರಲ್ಲಿ, 2020ರಲ್ಲಿ ಇಲ್ಲಿಂದ ವರ್ಷದ ನಡುವೆ ಹೊರಟ ಕುಟುಂಬಗಳ ಕತೆ ಕೇಳಿದವನಿಗೆ ಅದು ಎರಡು ದಿರ್‌ಹಮ್ಮಿನ ಮಾತಲ್ಲ.

ಕನ್ನಡಕ್ಕೆ? ದುಬೈನಲ್ಲಿ ಕನ್ನಡ ಮಿತ್ರರು ವಾರಾಂತ್ಯದಲ್ಲಿ ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುತ್ತಾರೆ, ಕಲಿಸುವವರೆಲ್ಲ ಸಂಬಳ ಇಲ್ಲದ ಸ್ವಯಂಸೇವಕರು. ಮಗಳಿಗೆ ಅಲ್ಲಿಗೆ ಹೋಗುವ ವಯಸ್ಸಾಗುವವರೆಗೆ ಅಜ್ಜಿಯೇ ಮೇಷ್ಟ್ರು. ಉಳಿದ ಫೀಸಿನ ದುಡ್ಡನ್ನು ನಾವು ಟಿಕೆಟ್ಟಿಗೆ ಎತ್ತಿಟ್ಟಿದ್ದೇವೆ, ಜುಲೈ ಆಗಸ್ಟ್ ಎರಡು ತಿಂಗಳು ಮಗಳೂ ಅವಳಮ್ಮನೂ ಊರಿನಲ್ಲಿ. ಹೋದ ಸಲ ಫೋನಿನಲ್ಲಿ ಅಮ್ಮ ಕೇಳಿದರು, 'ಹೆಣ್ಣಿಗೆ ಅ ಆ ಇ ಈ ಬತ್ತಾ?' ಬರ್ತದೆ ಅಂದೆ. 'ಬರೂಕೂ ಬತ್ತಾ?' ಅಂದರು. ಸ್ಲೇಟು ತಂದಿಡಿ ಅಂದಿದ್ದೇನೆ. ಶಾಲೆಗೆ ರಜೆ ಸಿಗುವ ವಾರ ಮಂಗಳೂರಿನ ಟಿಕೆಟ್ಟು ಮೂರು ಪಟ್ಟಾಗುತ್ತದೆ, ಅದನ್ನು ಈ ತಿಂಗಳೇ ಬುಕ್ ಮಾಡಬೇಕು.